ನೊರೆ ಹೆಚ್ಚಾದರೆ ಕೊಳೆಯೂ ಹೋಗದು, ನೀರೂ ಹೋಗದು

ಮಕ್ಕಳಿರುವ ಮನೆಯಲ್ಲಿ ವಾಷಿಂಗ್ ಮಷೀನು ಕೈಕೊಡುವುದು ಸಾಮಾನ್ಯವಾಗಿ ಭಾನುವಾರ ರಾತ್ರಿ. ವಾರದ ಯೂನಿಫಾರ್ಮು, ಸಾಕ್ಸು, ಪಿ.ಟಿ. ದಿನದ ಬಿಳಿ ಡ್ರೆಸ್ಸು, ಟವೆಲ್ಲು ಎಲ್ಲವನ್ನೂ ಒಂದೇ ಸಲಕ್ಕೆ ತುರುಕಿ, ಬಿಳಿ ಬಟ್ಟೆ ಇದೆಯಲ್ಲ ಎಂದು ಪೌಡರನ್ನೂ ಒಂದು ಹಿಡಿ ಜಾಸ್ತಿ ಸುರಿಯುವ ದಿನ ಅದು. ಇನ್ನು ಒಂಬತ್ತು ನಿಮಿಷ ಎಂದು ತೋರಿಸುತ್ತಿದ್ದ ಮಷೀನು ಅರ್ಧ ಗಂಟೆ ಕಳೆದರೂ ಒಂಬತ್ತರಲ್ಲೇ ನಿಂತಿರುತ್ತದೆ. ಗಾಜಿನ ಬಾಗಿಲ ತುಂಬ ಬಿಳಿ ನೊರೆ. ಕೆಳಗೆಲ್ಲೋ ಪಂಪು ಗುಂಯ್ ಎನ್ನುತ್ತಿದೆ, ನೀರು ಮಾತ್ರ ಹೊರಗೆ ಹೋಗುತ್ತಿಲ್ಲ.

ಗಾಬರಿ ಬೇಡ. ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಈ ದೂರಿಗಾಗಿ ಹೋದ ಮನೆಗಳಲ್ಲಿ ನಾನು ಕಂಡಂತೆ, ಬಹಳಷ್ಟು ಸಲ ಮಷೀನು ಕೆಟ್ಟಿರುವುದೇ ಇಲ್ಲ. ಅಳತೆ ತಪ್ಪಿರುತ್ತದೆ, ಇಲ್ಲವೇ ಮಗುವಿನ ಜೇಬಿನಿಂದ ಏನೋ ಜಾರಿ ಪಂಪಿಗೆ ಸಿಕ್ಕಿಕೊಂಡಿರುತ್ತದೆ. ಎರಡೂ ಮನೆಯಲ್ಲೇ ಸರಿಹೋಗುವಂಥವು.

ಮೊದಲು ನೊರೆಯ ವಿಷಯ. ನೊರೆ ಬಂದಷ್ಟೂ ಬಟ್ಟೆ ಚೊಕ್ಕಟವಾಗುತ್ತದೆ ಎನ್ನುವುದು ಬಕೆಟ್ಟಿನ ಕಾಲದ ನಂಬಿಕೆ. ಸರ್ಫ್ ನಮ್ಮ ದೇಶಕ್ಕೆ ಬಂದದ್ದು 1959ರಲ್ಲಿ. ಅಲ್ಲಿಂದೀಚೆಗೆ ಬಕೆಟ್ ತುಂಬ ಉಕ್ಕುವ ನೊರೆಯನ್ನು ಜಾಹೀರಾತಿನಲ್ಲಿ ನೋಡಿ ನೋಡಿ ನಮಗೆಲ್ಲ ಅದು ರೂಢಿಯಾಗಿಬಿಟ್ಟಿದೆ. ಕೊಳೆ ಬಿಡಿಸುವುದು ನೀರಿನಲ್ಲಿ ಕರಗಿದ ಡಿಟರ್ಜೆಂಟೇ ಹೊರತು ಮೇಲೆ ತೇಲುವ ಗುಳ್ಳೆಯಲ್ಲ. ಫ್ರಂಟ್ ಲೋಡ್ ಮಷೀನಿನಲ್ಲಂತೂ ನೊರೆ ಅಡ್ಡಿಯೇ. ಅಲ್ಲಿ ನೀರು ಕಡಿಮೆ. ಡ್ರಮ್ಮು ಬಟ್ಟೆಯನ್ನು ಮೇಲಕ್ಕೆತ್ತಿ ಕೆಳಗೆ ಕೆಡವುತ್ತದೆ, ಆ ಪೆಟ್ಟಿಗೇ ಕೊಳೆ ಬಿಡುವುದು. ನಡುವೆ ನೊರೆ ತುಂಬಿಕೊಂಡರೆ ಕಲ್ಲಿನ ಮೇಲೆ ಒಗೆಯಬೇಕಾದ ಬಟ್ಟೆಯನ್ನು ಹಾಸಿಗೆಯ ಮೇಲೆ ಒಗೆದ ಹಾಗೆ.

ನೀರು ಹೋಗದಿರುವುದಕ್ಕೂ ಇದೇ ಕಾರಣ. ಮಷೀನಿನ ಬುಡದಲ್ಲಿರುವ ಡ್ರೈನ್ ಪಂಪಿನಲ್ಲಿ ಒಂದು ಪುಟ್ಟ ರೆಕ್ಕೆ ಇರುತ್ತದೆ. ನೀರನ್ನು ತಳ್ಳಲು ಮಾಡಿರುವ ರೆಕ್ಕೆ ಅದು, ಗಾಳಿಯನ್ನು ತಳ್ಳಲಾರದು. ನೊರೆಯಲ್ಲಿ ಬಹುಪಾಲು ಗಾಳಿಯೇ. ರೆಕ್ಕೆ ಸುತ್ತುತ್ತದೆ, ನೊರೆ ಅಲ್ಲೇ ಗಿರಕಿ ಹೊಡೆಯುತ್ತದೆ, ಪೈಪಿನೊಳಗೆ ಏರುವುದಿಲ್ಲ. ಇದರ ಜೊತೆಗೆ, ನೀರಿನ ಮಟ್ಟ ಅಳೆಯಲು ಒಂದು ಸಣ್ಣ ಗಾಳಿಕೊಳವೆ ಇರುತ್ತದೆ. ನೊರೆ ಅದರೊಳಗೂ ನುಗ್ಗಿದರೆ ಇನ್ನೂ ನೀರು ತುಂಬಿದೆ ಎಂದೇ ಮಷೀನು ತಿಳಿಯುತ್ತದೆ. ಹಾಗೆ ತಿಳಿದಷ್ಟು ಹೊತ್ತು ಸ್ಪಿನ್ ಮಾಡುವುದಿಲ್ಲ, ಬಾಗಿಲನ್ನೂ ಬಿಡುವುದಿಲ್ಲ. ಎಲ್‌ಜಿ ಮಷೀನಾದರೆ ‘ಓಇ’ ಎಂದೋ ಸ್ಯಾಮ್‌ಸಂಗ್ ಆದರೆ ‘5ಸಿ’, ‘5ಇ’ ಎಂದೋ ತೋರಿಸಿ ನಿಂತುಬಿಡುತ್ತದೆ. ಕೆಲವು ಮಾಡೆಲ್ಲುಗಳು ‘ಸಡ್’ ಎಂದು ನೊರೆಯ ಹೆಸರನ್ನೇ ಹೇಳುತ್ತವೆ.

‘ಅದೇ ಪೌಡರು, ಅದೇ ಮಷೀನು, ಮೊದಲೆಲ್ಲ ಸರಿಯಾಗೇ ಇತ್ತು’ ಎನ್ನುವ ಮಾತು ನಮ್ಮ ಕಡೆ ಪದೇ ಪದೇ ಕೇಳಿಬರುತ್ತದೆ. ಬದಲಾಗಿರುವುದು ನೀರು. ಬೆಂಗಳೂರಿನ ಪೂರ್ವ ಭಾಗದಷ್ಟು ನೀರಿನ ಬೆರಕೆ ಬೇರೆಲ್ಲೂ ಇರಲಿಕ್ಕಿಲ್ಲ. ಹಲಸೂರು, ಇಂದಿರಾನಗರದ ಹೆಚ್ಚಿನ ಮನೆಗಳಿಗೆ ಕಾವೇರಿ ನೀರು. ಅದು ಮೆತ್ತಗಿನ ನೀರು. ರಾಮಮೂರ್ತಿನಗರ, ಹೂಡಿ, ಮಹದೇವಪುರದ ಕಡೆ ಹೋದಂತೆ ಬೋರ್‌ವೆಲ್ಲು ಮತ್ತು ಟ್ಯಾಂಕರು. ಅದನ್ನೇ ನಾವು ‘ಉಪ್ಪು ನೀರು’ ಅನ್ನುತ್ತೇವೆ, ಆದರೆ ಅದರಲ್ಲಿ ಹೆಚ್ಚಿಗೆ ಇರುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೋ ಹಾಕಿರುವ ಲೆಕ್ಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿಯಿಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಗಡಸು ನೀರು ಡಿಟರ್ಜೆಂಟಿನ ಒಂದು ಪಾಲನ್ನು ತಾನೇ ನುಂಗಿಬಿಡುತ್ತದೆ, ನೊರೆ ಕಡಿಮೆ ಏಳುತ್ತದೆ. ಹಾಗಾಗಿ ಆ ಬಡಾವಣೆಗಳ ತಾಯಂದಿರ ಕೈ ಎರಡು ಸ್ಕೂಪಿಗೆ ಒಗ್ಗಿಹೋಗಿದೆ. ಅದರಲ್ಲಿ ತಪ್ಪೇನೂ ಇರಲಿಲ್ಲ.

2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್ 16ರಂದು. ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಯೋಜನೆ ಅದು. ಸಂಪರ್ಕ ಸಿಕ್ಕ ಮನೆಗಳ ಸಂಪಿಗೆ ಈಗ ಮೆತ್ತಗಿನ ನೀರು ಬರುತ್ತಿದೆ, ಪೌಡರಿನ ಅಳತೆ ಮಾತ್ರ ಬೋರ್‌ವೆಲ್ ಕಾಲದ್ದೇ. ಬಾಡಿಗೆ ಮನೆ ಬದಲಿಸಿ ಟಿ.ಸಿ. ಪಾಳ್ಯದಿಂದ ಜೋಗುಪಾಳ್ಯಕ್ಕೆ ಬಂದವರಿಗೂ, ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಹೊಸದಾಗಿ ವಾಟರ್ ಸಾಫ್ಟ್‌ನರ್ ಹಾಕಿಸಿದವರಿಗೂ ಇದೇ ಗತಿ. ಇನ್ನು ಕಾವೇರಿ, ಟ್ಯಾಂಕರು ಎರಡೂ ಒಂದೇ ಸಂಪಿಗೆ ಬೀಳುವ ಮನೆಗಳಲ್ಲಿ ಈ ವಾರ ನೊರೆಯೇ ಇಲ್ಲ, ಮುಂದಿನ ವಾರ ಉಕ್ಕಿ ಹರಿಯುತ್ತದೆ. ಮಷೀನನ್ನು ಬೈದು ಫಲವಿಲ್ಲ.

ನಿಮ್ಮ ನೀರು ಎಂಥದ್ದೆಂದು ತಿಳಿಯಲು ಪ್ರಯೋಗಾಲಯ ಬೇಡ. ಮಕ್ಕಳನ್ನೂ ಕೂರಿಸಿಕೊಂಡು ಮಾಡಬಹುದು. ಖಾಲಿ ನೀರಿನ ಬಾಟಲಿಗೆ ಅರ್ಧದಷ್ಟು ನಲ್ಲಿ ನೀರು ಹಿಡಿದು, ಸ್ನಾನದ ಸೋಪನ್ನು ಚಾಕುವಿನಿಂದ ನಾಲ್ಕಾರು ಎಸಳು ಹೆರೆದು ಹಾಕಿ ಚೆನ್ನಾಗಿ ಕುಲುಕಿ. ನೊರೆ ಎದ್ದು ಐದು ನಿಮಿಷ ನಿಂತರೆ, ಕೆಳಗಿನ ನೀರು ತಿಳಿಯಾಗಿದ್ದರೆ, ಅದು ಮೆತ್ತಗಿನ ನೀರು. ನೊರೆ ಏಳದೆ ನೀರು ಹಾಲಿನಂತೆ ಕದಡಿ ಮೇಲೆ ಗಸಿ ತೇಲಿದರೆ ಗಡಸು. ಡಿಟರ್ಜೆಂಟ್ ಪೌಡರಿನಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಸೋಪೇ ಆಗಬೇಕು.

ಮೆತ್ತಗಿನ ನೀರಾದರೆ, ಆರೇಳು ಕಿಲೋ ಹಿಡಿಯುವ ಫ್ರಂಟ್ ಲೋಡ್ ಮಷೀನಿನಲ್ಲಿ ದಿನಬಳಕೆಯ ಬಟ್ಟೆಗೆ ಎರಡು ಊಟದ ಚಮಚದಷ್ಟು ಪೌಡರಿನಿಂದ ಶುರುಮಾಡಿ. ಮಣ್ಣಾಟ ಆಡಿ ಬಂದ ಬಟ್ಟೆಯಿದ್ದರೆ ಇನ್ನೊಂದು ಚಮಚ. ಬಟ್ಟೆ ಅರ್ಧ ಡ್ರಮ್ಮಿನಷ್ಟೇ ಇದ್ದರೆ ಪೌಡರೂ ಕಡಿಮೆ. ಇದನ್ನು ಬಹಳ ಜನ ಮರೆಯುತ್ತಾರೆ. ಪೊಟ್ಟಣದ ಮೇಲೆ ‘ಮ್ಯಾಟಿಕ್’ ‘ಫ್ರಂಟ್ ಲೋಡ್’ ಎಂದಿರುವುದು ಬರೀ ವ್ಯಾಪಾರದ ಮಾತಲ್ಲ, ಅದರಲ್ಲಿ ನೊರೆ ಅಡಗಿಸುವ ಅಂಶ ಸೇರಿಸಿರುತ್ತಾರೆ. ಕೈಯಲ್ಲಿ ಒಗೆಯುವ ಪೌಡರನ್ನು ಫ್ರಂಟ್ ಲೋಡಿಗೆ ಹಾಕಲೇಬೇಡಿ. ಪಾತ್ರೆ ತೊಳೆಯುವ ಲಿಕ್ವಿಡನ್ನಂತೂ ಕಾಲರಿನ ಜಿಡ್ಡಿಗೆಂದು ಒಂದು ತೊಟ್ಟು ಹಚ್ಚುವುದೂ ಬೇಡ.

ಬಿಳಿ ಯೂನಿಫಾರ್ಮು ಮಂಕಾಗಿದ್ದರೆ ಪೌಡರು ಹೆಚ್ಚಿಸಿ ಪ್ರಯೋಜನವಿಲ್ಲ. ಹತ್ತಿ ಬಟ್ಟೆಯಾದರೆ 60 ಡಿಗ್ರಿ ಬಿಸಿನೀರು, ಪಾಲಿಯೆಸ್ಟರ್ ಬೆರೆತಿದ್ದರೆ 40 ಡಿಗ್ರಿ, ಮೊದಲು ಒಂದು ಗಂಟೆ ನೆನೆಹಾಕುವುದು — ಇಷ್ಟೇ. ಮೈದಾನದ ಕೆಂಪು ಮಣ್ಣು ಮೆತ್ತಿದ್ದರೆ ಹಸಿಯಾಗಿರುವಾಗ ಉಜ್ಜಬೇಡಿ. ಒಣಗಲು ಬಿಟ್ಟು ಬ್ರಷ್ಷಿನಲ್ಲಿ ಕೊಡವಿ ಆಮೇಲೆ ಹಾಕಿ. ಮಂಕಿಗೆ ಕಾರಣ ಎಷ್ಟೋ ಸಲ ಬಟ್ಟೆಯಲ್ಲೇ ಉಳಿದ ಹಳೆಯ ಡಿಟರ್ಜೆಂಟು. ಅದನ್ನು ಕಣ್ಣಾರೆ ನೋಡಬಹುದು: ಒಗೆದು ಒಣಗಿಸಿದ ಎರಡು ಟವೆಲ್ಲುಗಳನ್ನು ಪೌಡರು ಹಾಕದೆ ಬರೀ ನೀರಿನಲ್ಲಿ ಓಡಿಸಿ. ಹತ್ತು ನಿಮಿಷಕ್ಕೆ ಗಾಜಿನ ಮೇಲೆ ನೊರೆಯ ಗೆರೆ ಮೂಡಿದರೆ, ನೀವು ಇಷ್ಟು ದಿನ ಹಾಕುತ್ತಿದ್ದುದು ಜಾಸ್ತಿಯೇ. ಚರ್ಮ ಸೂಕ್ಷ್ಮವಿರುವ ಮಕ್ಕಳಿಗೆ ಈ ಉಳಿಕೆಯಿಂದ ತುರಿಕೆ ಹೆಚ್ಚಬಹುದು. ಇಸುಬು ಇರುವ ಮಗುವಿನ ಬಟ್ಟೆಗೆ ‘ಎಕ್ಸ್‌ಟ್ರಾ ರಿನ್ಸ್’ ಗುಂಡಿ ಒತ್ತಿಬಿಡಿ. ಬಟ್ಟೆಯ ಲಂಗೋಟಿ ಬಳಸುವ ಮನೆಯವರು ಅದಕ್ಕೆ ಫ್ಯಾಬ್ರಿಕ್ ಕಂಡೀಷನರ್ ಹಾಕಬಾರದು, ಹಾಕಿದರೆ ಬಟ್ಟೆ ನೀರು ಹೀರುವುದು ಕಡಿಮೆಯಾಗುತ್ತದೆ.

ಸರಿ, ಈ ರಾತ್ರಿ ನೊರೆ ತುಂಬಿ ನಿಂತಿರುವ ಮಷೀನಿಗೆ ಏನು ಮಾಡುವುದು? ನಿಲ್ಲಿಸಿ, ಪ್ಲಗ್ಗು ತೆಗೆದು, ಅರ್ಧ ಗಂಟೆ ಸುಮ್ಮನೆ ಬಿಡಿ. ನೊರೆ ತಾನಾಗಿ ಇಳಿಯುತ್ತದೆ. ಆಮೇಲೆ ಸ್ಪಿನ್ ಇಲ್ಲದೆ ಡ್ರೈನ್ ಮಾತ್ರ ಇಟ್ಟು ಓಡಿಸಿ. ನೀರು ಹೋದ ಮೇಲೆ ತಣ್ಣೀರಿನಲ್ಲಿ ಒಂದು ರಿನ್ಸ್. ಇನ್ನೂ ನೊರೆ ಕಂಡರೆ ಆ ರಿನ್ಸಿಗೆ ಕಂಡೀಷನರ್ ಒಂದು ಮುಚ್ಚಳ ಹಾಕಿ. ಡಿಟರ್ಜೆಂಟಿಗೂ ಅದಕ್ಕೂ ವಿರುದ್ಧ ವಿದ್ಯುದಂಶ ಇರುವುದರಿಂದ ಒಂದನ್ನೊಂದು ಹಿಡಿದುಕೊಂಡು ನೊರೆ ಕುಸಿಯುತ್ತದೆ. ಮಗುವಿನ ಬಟ್ಟೆಯಿದ್ದರೆ ಕಂಡೀಷನರ್ ಬದಲು ಬಿಳಿ ವಿನಿಗರ್ ಮೂರು ಚಮಚ ಸಾಕು. ವಿನಿಗರ್ ಹಾಕಿದ ದಿನ ಬ್ಲೀಚು ಅದರ ಹತ್ತಿರವೂ ಬರಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಟಾಯ್ಲೆಟ್ಟಿಗೆ ಹಾಕುವ ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಟ್ಟಿಗೆ ಯುಟಿಲಿಟಿಯ ಜಾಲಿಗೆ ಸುರಿಯುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಕಿಟಕಿಯಿಲ್ಲದ ಆ ಇಕ್ಕಟ್ಟಿನಲ್ಲಿ ಮಗು ಆಡುತ್ತಿದ್ದರೆ ಅದು ಪ್ರಾಣಕ್ಕೇ ಕುತ್ತು.

ನೊರೆಯಿಲ್ಲದೆಯೂ ನೀರು ಹೋಗದಿದ್ದರೆ ಪಂಪಿನ ಸದ್ದು ಕೇಳಿ. ಕಟಕಟ ಎಂದರೆ ಗಟ್ಟಿ ವಸ್ತು ಸಿಕ್ಕಿದೆ. ಸುತ್ತುವ ಸದ್ದು ಹೊರಡದೆ ಬರೀ ಹೂಂಗುಟ್ಟಿದರೆ ರೆಕ್ಕೆ ಸಿಕ್ಕಿಹಾಕಿಕೊಂಡಿದೆ. ಜುಯ್ ಎಂದು ಹಗುರವಾಗಿ ಸುತ್ತಿದರೆ ಒಂದೋ ನೊರೆ, ಇಲ್ಲ ಪೈಪು ಕಟ್ಟಿದೆ.

ಫ್ರಂಟ್ ಲೋಡಿನ ಮುಂಭಾಗದಲ್ಲಿ, ನೆಲದ ಹತ್ತಿರ ಒಂದು ಮೂಲೆಯಲ್ಲಿ ಚಿಕ್ಕ ಮುಚ್ಚಳ ಇರುತ್ತದೆ. ಐದು ವರ್ಷ ಮಷೀನು ಬಳಸಿಯೂ ಅದನ್ನು ಒಮ್ಮೆಯೂ ತೆರೆಯದವರು ಬೇಕಾದಷ್ಟು ಮಂದಿ. ಪ್ಲಗ್ಗು ತೆಗೆದು, ಬಿಸಿನೀರಿನ ವಾಶ್ ಆಗಿದ್ದರೆ ಆರುವವರೆಗೆ ಕಾದು, ಮಕ್ಕಳನ್ನು ಆಚೆ ಕಳಿಸಿ ಅದನ್ನು ತೆರೆಯಿರಿ. ಪಕ್ಕದಲ್ಲಿ ಬೆರಳು ಗಾತ್ರದ ರಬ್ಬರ್ ಕೊಳವೆ ಇದ್ದರೆ ಅದನ್ನು ಮೊದಲು ಎಳೆದು ತಟ್ಟೆಗೋ ಅಗಲವಾದ ಟ್ರೇಗೋ ನೀರು ಬಿಡಿ. ಟ್ರೇ ತುಂಬಿದರೆ ಬಿರಡೆ ಹಾಕಿ ಚೆಲ್ಲಿ ಮತ್ತೆ ಬಿಡಿ. ಹತ್ತು ಲೀಟರಿಗೂ ಹೆಚ್ಚು ಬರಬಹುದು. ನೀರು ನಿಂತ ಮೇಲೆ ಫಿಲ್ಟರನ್ನು ಎಡಕ್ಕೆ ನಿಧಾನ ತಿರುಗಿಸಿ ಹೊರಗೆಳೆಯಿರಿ. ಬೂದು ಬಣ್ಣದ ಲೋಳೆ, ಕೂದಲಿನ ಉಂಡೆ, ಹೇರ್‌ಪಿನ್ನು, ಎರಡು ರೂಪಾಯಿ ನಾಣ್ಯ, ಷರ್ಟಿನ ಗುಂಡಿ, ರಬ್ಬರ್ ಬ್ಯಾಂಡು, ಚಾಕೊಲೇಟ್ ಕಾಗದ, ಪೆನ್ಸಿಲ್ ಮೆಂಡರಿನ ಬ್ಲೇಡು, ಹಸುಗೂಸಿದ್ದರೆ ಒಂಟಿ ಸಾಕ್ಸು. ಅಷ್ಟಕ್ಕೇ ಮುಚ್ಚಬೇಡಿ. ಟಾರ್ಚ್ ಹಿಡಿದು ಒಳಗಿನ ಗೂಡು ನೋಡಿ: ಆಳದಲ್ಲಿ ಪಂಪಿನ ರೆಕ್ಕೆ ಕಾಣುತ್ತದೆ, ಅದರ ಬುಡಕ್ಕೆ ದಾರ ಸುತ್ತಿಕೊಂಡಿರುತ್ತದೆ. ಬ್ಲೇಡು ಇರಬಹುದಾದ ಕಾರಣ ಬೆರಳಿನ ಬದಲು ಇಕ್ಕಳದಿಂದ ತೆಗೆಯಿರಿ. ವಾಪಸ್ಸು ಹಾಕುವಾಗ ಫಿಲ್ಟರು ಓರೆಯಾಗಿ ಕೂತರೆ ಮಾರನೆಯ ದಿನ ಅಡಿಯಲ್ಲೆಲ್ಲ ನೀರು.

ತಿಂಗಳಿಗೊಮ್ಮೆ ಇದನ್ನು ಮಾಡಿದರೆ ಮೆಕ್ಯಾನಿಕ್ಕಿನ ಖರ್ಚು ಅರ್ಧ ಉಳಿಯುತ್ತದೆ. ಇನ್ನರ್ಧ ಉಳಿಸಲು ಆರೇಳು ವರ್ಷದ ಮಕ್ಕಳಿಗೆ ತಮ್ಮ ಜೇಬು ತಾವೇ ಖಾಲಿ ಮಾಡಿ ಬಟ್ಟೆ ಬುಟ್ಟಿಗೆ ಹಾಕುವುದನ್ನು ಕಲಿಸಿ. ಪುಟ್ಟ ಸಾಕ್ಸು, ಟೋಪಿ, ಕೈಗವಸುಗಳನ್ನು ಜಿಪ್ಪಿರುವ ಜಾಲರಿ ಚೀಲಕ್ಕೆ ಹಾಕಿಯೇ ಒಗೆಯಿರಿ.

ಟಾಪ್ ಲೋಡ್ ಮಷೀನುಗಳಲ್ಲಿ ಹೆಚ್ಚಿನವಕ್ಕೆ ಈ ಮುಚ್ಚಳವಿಲ್ಲ. ಡ್ರಮ್ಮಿನ ಗೋಡೆಗಿರುವ ಜಾಲರಿ ಚೀಲ ತೊಳೆದರೆ ಸಾಕು. ಆದರೆ ಪೈಪಿನ ಲೆಕ್ಕ ಬೇರೆ. ನಮ್ಮಲ್ಲಿ ಬಳಕೆಯಲ್ಲಿರುವ ಸೆಮಿ ಆಟೊಮ್ಯಾಟಿಕ್‌ಗಳಿಗೂ ಅನೇಕ ಟಾಪ್ ಲೋಡುಗಳಿಗೂ ಪಂಪೇ ಇರುವುದಿಲ್ಲ, ನೀರು ಇಳಿಜಾರಿಗೆ ತಾನಾಗಿ ಹೋಗಬೇಕು. ಅಂಥ ಪೈಪನ್ನು ವಾಶ್‌ಬೇಸಿನ್ನಿಗೆ ಎತ್ತಿ ಹಾಕಿದರೆ ಒಂದು ತೊಟ್ಟೂ ಹೋಗದು, ನೆಲದಲ್ಲೇ ಮಲಗಿರಬೇಕು. ಫ್ರಂಟ್ ಲೋಡಿನದು ಇದಕ್ಕೆ ತಿರುಗುಮುರುಗು. ಅದರ ಪೈಪಿನ ತುದಿ ನೆಲದಿಂದ ಎರಡರಿಂದ ಮೂರು ಅಡಿ ಎತ್ತರಕ್ಕೆ ಏರಿ ಬಾಗಿರಬೇಕು. ನೆಲಕ್ಕೆ ಬಿಟ್ಟರೆ ತುಂಬಿದ ನೀರು ತುಂಬಿದ ಹಾಗೇ ಸೋರಿಹೋಗುತ್ತದೆ, ಮಷೀನು ತುಂಬುತ್ತಲೇ ಇರುತ್ತದೆ. ಗೋಡೆಗೆ ಒತ್ತಿ ನಿಲ್ಲಿಸಿದಾಗ ಪೈಪು ಮಡಿಚಿಕೊಂಡಿದೆಯೇ ಎಂದೂ ನೋಡಿ. ಹಲಸೂರಿನ ಹಳೆಯ ಓಣಿಗಳ ನೆಲಮಹಡಿ ಮನೆಗಳಲ್ಲಿ ಇನ್ನೊಂದು ಕಾಟ: ಇಲಿ, ಹೆಗ್ಗಣ ಪೈಪು ಕಡಿಯುತ್ತವೆ. ಮಷೀನಿನ ಅಡಿಗೆ ತಂತಿ ಜಾಲರಿ ಹೊಡೆಸುವುದೊಂದೇ ದಾರಿ.

ಮಷೀನು ಸರಿಯಿದ್ದೂ ಬಾತ್‌ರೂಮಿನ ಜಾಲಿಯಿಂದ ನೊರೆ ಮೇಲೆದ್ದು ಬರುತ್ತಿದೆಯೇ? ಮೂವತ್ತು ನಲವತ್ತರ ಸೈಟಿನಲ್ಲಿ ನಾಲ್ಕಂತಸ್ತು ಎತ್ತಿರುವ ಕಟ್ಟಡಗಳಲ್ಲಿ ಇದು ಕೆಳಮನೆಯವರ ನಿತ್ಯದ ಗೋಳು. ಮೇಲಿನ ಮಹಡಿಗಳ ನೊರೆನೀರು ನೆಟ್ಟಗೆ ಇಳಿದು, ಬುಡದಲ್ಲಿ ಪೈಪು ಅಡ್ಡಕ್ಕೆ ತಿರುಗುವ ಕಡೆ ಬಡಿದು ಮತ್ತೆ ನೊರೆಯೇಳುತ್ತದೆ. ನೀರು ಮುಂದೆ ಹೋಗುತ್ತದೆ. ಹಗುರವಾದ ನೊರೆ ಹಿಂದಕ್ಕೆ ಉಳಿದು ಹತ್ತಿರದ ಜಾಲಿಯಿಂದ ಹೊರಬೀಳುತ್ತದೆ. ಅಮೆರಿಕದ ಯೂನಿಫಾರ್ಮ್ ಪ್ಲಂಬಿಂಗ್ ಕೋಡಿನಲ್ಲಿ ಇದಕ್ಕೆಂದೇ ನಿಯಮವಿದೆ: ಅಂಥ ತಿರುವಿನಿಂದ ಎಂಟು ಅಡಿಯೊಳಗೆ ಬೇರೆ ಪೈಪು ಸೇರಿಸಕೂಡದು. ನಮ್ಮ ಕಟ್ಟಡಗಳಲ್ಲಿ ಬಹುಮಟ್ಟಿಗೆ ಸೇರಿಸಿರುವುದೇ ಅಲ್ಲಿ. ಕೆಳಮನೆಯ ಬಾತ್‌ರೂಮಿಗೆ ಬೇರೆ ಪೈಪು ಎಳೆದು ಹೊರಗಿನ ಚೇಂಬರಿಗೆ ಬಿಡಿಸುವುದು ಪಕ್ಕಾ ಪರಿಹಾರ; ಓನರ್ ಒಪ್ಪುವವರೆಗೆ ಮೇಲಿನ ಮನೆಯವರ ಹತ್ತಿರ ಪೌಡರಿನ ಅಳತೆಯ ಬಗ್ಗೆ ಸೌಮ್ಯವಾಗಿ ಮಾತಾಡಿ.

ಯುಟಿಲಿಟಿಯ ಪೈಪು ಮಳೆನೀರಿನ ಪೈಪಿಗೆ ಸೇರಿದೆಯೋ ಒಳಚರಂಡಿಗೋ ಎಂದೂ ಒಮ್ಮೆ ವಿಚಾರಿಸಿ. ಮಳೆನೀರಿನದ್ದಾದರೆ ನಿಮ್ಮ ಮನೆಯ ನೊರೆ ರಾಜಕಾಲುವೆ ಹಿಡಿಯುತ್ತದೆ. ಹಲಸೂರು ಕೆರೆಯ ಕೋಡಿ ನೀರು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿದ್ದು, ವರ್ತೂರು ಕೋಡಿಯಲ್ಲಿ ನೊರೆ ಹಾರಿ ರಸ್ತೆಯ ವಾಹನಗಳ ಮೇಲೆ ಬಿದ್ದದ್ದು ಎಲ್ಲರಿಗೂ ನೆನಪಿದೆ. ಇಂದಿನ ಡಿಟರ್ಜೆಂಟು ಗಾಳಿಯಾಡುವ ನೀರಿನಲ್ಲಿ ಬೇಗ ಕೊಳೆಯುವಂಥದ್ದೇ; ಯುರೋಪಿನ ನದಿಗಳು ನೊರೆ ತುಂಬಿ ಹರಿದ ಮೇಲೆ ಜರ್ಮನಿ 1961ರಲ್ಲಿ ಕಾನೂನು ಮಾಡಿದ್ದರಿಂದ ಮೊದಲುಗೊಂಡು ಬಂದ ಬದಲಾವಣೆ ಅದು. ಆದರೆ ಆಮ್ಲಜನಕವೇ ಇಲ್ಲದ ಬೆಳ್ಳಂದೂರಿನ ತಳದಲ್ಲಿ ಅದು ಕೊಳೆಯುವುದಿಲ್ಲ, ಹೂಳಿಗೆ ಅಂಟಿಕೊಂಡು ಕೂತಿರುತ್ತದೆ. ಜೋರು ಮಳೆ ಬಂದು ಹೂಳು ಕದಡಿದಾಗ ನೊರೆಯಾಗಿ ಏಳುತ್ತದೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ.

ಮಕ್ಕಳ ಸುರಕ್ಷತೆಯ ಮಾತು ಉಳಿದಿದೆ. 2024ರ ಮಾರ್ಚಿನ ನೀರಿನ ಬರದಲ್ಲಿ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ ಮೇಲೆ, ಮಷೀನಿನ ನೀರನ್ನು ಡ್ರಮ್ಮಿಗೆ ಹಿಡಿದು ನೆಲಕ್ಕೆ, ಟಾಯ್ಲೆಟ್ಟಿಗೆ ಬಳಸುವುದು ಅನೇಕ ಮನೆಗಳಲ್ಲಿ ರೂಢಿಯಾಯಿತು. ಒಳ್ಳೆಯ ರೂಢಿಯೇ. ಆದರೆ ಅಂಬೆಗಾಲಿಡುವ ಕೂಸಿಗೆ, ನಡೆಯಲು ಕಲಿಯುತ್ತಿರುವ ಮಗುವಿಗೆ ಅರ್ಧ ಬಕೆಟ್ ನೀರೂ ಮುಳುಗುವಷ್ಟು ಆಳ. ಡ್ರಮ್ಮಿಗೆ ಬಿಗಿ ಮುಚ್ಚಳ ಇರಲಿ, ಬಕೆಟ್ಟನ್ನು ಕೂಡಲೇ ಖಾಲಿ ಮಾಡಿ, ಯುಟಿಲಿಟಿಯ ಬಾಗಿಲಿಗೆ ಮೇಲ್ಗಡೆ ಚಿಲಕ ಹಾಕಿಸಿ. ಈ ಚಿಲಕದಿಂದ ಇನ್ನೊಂದು ಅನುಕೂಲವೂ ಇದೆ: ಬೂಷ್ಟು ಹಿಡಿಯದಿರಲಿ ಎಂದು ಫ್ರಂಟ್ ಲೋಡಿನ ಬಾಗಿಲನ್ನು ತೆರೆದಿಡಬೇಕು, ಮಗು ಡ್ರಮ್ಮಿನೊಳಗೆ ಹೋಗಿ ಕೂರದಂತೆಯೂ ನೋಡಿಕೊಳ್ಳಬೇಕು.

ಬಣ್ಣಬಣ್ಣದ ಲಿಕ್ವಿಡ್ ಪಾಡ್‌ಗಳು ಮಿಠಾಯಿಯಂತೆ ಕಾಣುತ್ತವೆ. ಪುಟ್ಟ ಮಕ್ಕಳಿರುವ ಮನೆಗೆ ಅವನ್ನು ತರದಿರುವುದೇ ಮೇಲು. ಬಾಯಿಗೆ ಹಾಕಿಕೊಂಡುಬಿಟ್ಟರೆ ಬಾಯಿ ಒರೆಸಿ ತೊಳೆಸಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ನೊರೆ ಶ್ವಾಸಕೋಶಕ್ಕೆ ಹೋಗುತ್ತದೆ. ಕಣ್ಣಿಗೆ ಹಾರಿದ್ದರೆ ರೆಪ್ಪೆ ಬಿಡಿಸಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆಯಿರಿ, ಮಗು ಎಷ್ಟೇ ಅತ್ತರೂ ನಿಲ್ಲಿಸಬೇಡಿ. ಆಮೇಲೆ ಪೊಟ್ಟಣವನ್ನೂ ಹಿಡಿದುಕೊಂಡು ಆಸ್ಪತ್ರೆಗೆ. ಶಿವಾಜಿನಗರದ ಕಡೆಯವರಿಗೆ ಬೌರಿಂಗ್, ಇಂದಿರಾನಗರದವರಿಗೆ ಸಿ.ವಿ. ರಾಮನ್ ಆಸ್ಪತ್ರೆ ಹತ್ತಿರ. ಕೆಮ್ಮು, ಉಸಿರಾಟದ ಕಷ್ಟ, ಮಂಪರು ಕಂಡರೆ ತಡಮಾಡದೆ 108.

ಇಷ್ಟೆಲ್ಲ ಮಾಡಿಯೂ ನೀರು ಹೋಗದಿದ್ದರೆ ಮೆಕ್ಯಾನಿಕ್ಕನ್ನು ಕರೆಯಿರಿ. ಫೋನಿನಲ್ಲೇ ಫಿಲ್ಟರು ತೊಳೆದಿದ್ದೀರಿ, ಪೈಪು ನೋಡಿದ್ದೀರಿ, ಪಂಪಿನ ಸದ್ದು ಇಂಥದ್ದು ಎಂದು ಹೇಳಿಬಿಡಿ. ಬೇಕಾದ ಸಾಮಾನು ತೆಗೆದುಕೊಂಡೇ ಬರುತ್ತಾರೆ. ಪಂಪು ಬದಲಿಸಬೇಕೆಂದರೆ ಹಳೆಯದನ್ನು ಬಿಚ್ಚಿ ತೋರಿಸಲು ಕೇಳಿ. ರೆಕ್ಕೆಯನ್ನು ಬೆರಳಿನಿಂದ ತಿರುಗಿಸಿದಾಗ ಅದು ತಡೆತಡೆದು ತಿರುಗಿದರೆ ಕೆಟ್ಟಿದೆ ಎಂದಲ್ಲ, ಒಳಗೆ ಆಯಸ್ಕಾಂತವಿರುವುದರಿಂದ ಹಾಗೆ. ಪೂರ್ತಿ ಬಿಗಿದುಕೊಂಡಿದ್ದರೆ, ರೆಕ್ಕೆ ಮುರಿದಿದ್ದರೆ, ಇಲ್ಲವೇ ಕಡ್ಡಿಯ ಮೇಲೆ ಸಡಿಲವಾಗಿ ಅಲ್ಲಾಡುತ್ತಿದ್ದರೆ ಹೊಸದು ಹಾಕಿಸಿ.